ಮೂವತ್ತಮೂರು ಗುಲಗಂಜಿ

ಚಿಂತಾಮಣಿ ಪೇಟೆಯಲ್ಲಿ ದೀಪ ಹಚ್ಚುವ ಹೊತ್ತು.
ಕದ ಅರ್ಧ ಎಳೆದಿದ್ದೆ. ಪಿಳ್ಳಮುನಿಯಮ್ಮ
ಬಗ್ಗಿ ಒಳಬಂದು ಸೆರಗಿನ ಗಂಟು ಬಿಚ್ಚಿದಳು.
ಹನ್ನೊಂದು.
ಹತ್ತು ಸೀದ ಹುರಿಗಡಲೆಯಂತೆ ಕಪ್ಪು,
ಒಂದು ಮಾತ್ರ ಫಳಫಳ.

"ಕುಂಟೆ ತೋಡ್ತಾ ಸಿಕ್ಕಿದ್ದು, ಆಚಾರ್ರೇ.
ನನ್ನ ಗುದ್ದಲಿಗೇ ಕುಡಿಕೆ ಒಡೀತು.
ಏನು ಬಾಳ್ತವೆ? ಅಷ್ಟು ಹೇಳಿ."

ಒರೆಗಲ್ಲು ತೆಗೆದೆ, ಮತ್ತೆ ಒಳಗಿಟ್ಟೆ.
ವಯಸ್ಸಾದವರ ಮೈಗೆ ಗೀರು ಹಾಕಬಾರದು.
ಕರೆಂಟಿನ ತಕ್ಕಡಿ ನಾಲ್ಕು ಗ್ರಾಂ ಅಂತು.
ನಂಬಿಕೆ ಸಾಲದೆ ಅಪ್ಪನ ಡಬ್ಬಿ ತೆರೆದು
ಕೆಂಪು ಕಾಳು ಒಂದೊಂದೇ ಇಟ್ಟೆ,
ಮೂವತ್ತಮೂರಕ್ಕೆ ಮುಳ್ಳು ನಿಂತಿತು.

ಭೂತಗನ್ನಡಿಯಡಿ ಒಂದು ಚುಕ್ಕೆ, ಒಂದು ಕೊಕ್ಕೆ,
ಗೆರೆಯ ಮೇಲೆ ಗೆರೆ. ಹಿಂದೆ
ಕಂಬದ ಹಾಗೆ ಏನೋ, ತುದಿಗೆ ರಾಶಿ ಚುಕ್ಕೆ.
"ನವಣೆ ತೆನೆ" ಅಂದಳು.
ಗೂಡಿನ ದಲ್ಲಾಳಿ ರಹಮತುಲ್ಲಾ ಇಣುಕಿ
"ಚೇಳು. ನೋಡಿ, ಕೊಂಡಿ" ಅಂದ.

ಅದು ಮೂಗು ಕಣಮ್ಮಾ,
ಯಾವನೋ ಪಾರಸಿ ದೊರೆಯ ಮೂಗು.
ಹಿಂದಿನದು ಅವನ ಬೆಂಕಿಯ ಪೀಠ.
ದೊರೆ ಸತ್ತ, ವಂಶ ಅಳಿಯಿತು,
ಪಡುವಣ ಸೀಮೆಯಲ್ಲಿ ನಾಣ್ಯ ಮಾತ್ರ ನಡೆಯುತ್ತಲೇ ಇತ್ತು.
ಅಚ್ಚು ಕೊರೆದವನು ದೊರೆಯ ಕಂಡವನಲ್ಲ,
ಅವನ ಗುರುವೂ ಕಂಡವನಲ್ಲ.
ಅಚ್ಚು ನೋಡಿ ಅಚ್ಚು, ಆ ಅಚ್ಚು ನೋಡಿ ಮತ್ತೊಂದು,
ಕಣ್ಣು ಸವೆದು ಚುಕ್ಕೆಯಾಯಿತು,
ಬೆಂಕಿ ನಿನ್ನ ನವಣೆಯಾಯಿತು.
ಬಲ್ಲವರು ಗಧೈಯ ಅಂತಾರೆ. ಕತ್ತೆಕಾಸು.

ನಗಬೇಕೆಂದುಕೊಂಡೆ. ಗಲ್ಲೆಯ ಪಕ್ಕ
ಕಾಟೇರಮ್ಮನ ಬೆಳ್ಳಿ ಮುಖ ಅರ್ಧ ಬಡಿದು ಕೂತಿತ್ತು,
ಅಪ್ಪನ ಅಚ್ಚಿನಿಂದ.
ಅಪ್ಪ ಅವಳ ಕಂಡವನಲ್ಲ.

ಇನ್ನು ಬೆಲೆ.
ಕರಗಿಸಿದರೆ ಒಂದು ಜೊತೆ ಕಾಲುಚೈನಿಗೂ ಸಾಲದು.
ಗುಜರಾತಿನ ಕಡೆ ಮಡಕೆಗಟ್ಟಲೆ ಸಿಕ್ಕುತ್ತವಂತೆ;
ಹವ್ಯಾಸದವರು ಒಂದಕ್ಕೆ ಎರಡು ದಿನದ ಕೂಲಿ ಕೊಟ್ಟಾರು,
ಆ ಫಳಫಳದ್ದಕ್ಕೆ ಒಂದು ದಿನದ್ದು.

"ಹೊಳೆಯೋದಕ್ಕೇ ಕಮ್ಮಿಯಾ?
ಹುಣಸೆಹಣ್ಣು ಹಚ್ಚಿ, ಕಾಲುಂಗುರ ತಿಕ್ಕೋ ಹಾಗೆ ತಿಕ್ಕಿದೆನಲ್ಲಾ!"

ಸಾವಿರ ವರ್ಷ ಕೂತು ಮಣ್ಣು ಹಚ್ಚಿದ ಬಣ್ಣ, ತಾಯಿ,
ಒಂದು ಸಂಜೆಗೆ ಹೋಯಿತು.

ಆದರೆ ಇವು ಇಲ್ಲಿಗೆ ಹೇಗೆ ಬಂದವು?
ಯಾವ ಎತ್ತಿನ ಬೆನ್ನ ಮೇಲೆ, ಏನು ಮಾರಿದ ದುಡ್ಡು,
ಯಾರಿಗೆ ಹೆದರಿ ಹೂತರು?
ಅದು ತಿಳಿದರೆ ಬೆಲೆಯೇ ಬೇರೆ. ಅದು ನಾಣ್ಯದಲ್ಲಿಲ್ಲ,
ನೀನು ತೋಡಿದ ಗುಂಡಿಯಲ್ಲಿದೆ.
ತಹಸೀಲ್ದಾರರಿಗೆ ಒಪ್ಪಿಸು, ಕಾನೂನು ಹಾಗಿದೆ.
ನಿನಗೂ ಏನಾದರೂ ಬಂದೀತು. ಯಾವಾಗ ಅಂತ ಕೇಳಬೇಡ.

ಅವಳು ಬೆರಳು ಮಡಚಿ ಎಣಿಸಿದಳು,
ಕೂಲಿಯನ್ನೋ, ಜೊತೆಗೆ ತೋಡಿದವರನ್ನೋ.
ಗಂಟು ಮತ್ತೆ ಬಿಗಿದಳು.

"ಕುಡಿಕೆ ಚೂರು?" ಅಂದೆ.
"ಬಾಯಿ ಪುಡಿಯಾಯ್ತು. ತಳ ಚೆನ್ನಾಗಿತ್ತು,
ಕೋಳಿಮರಿಗೆ ನೀರಿಟ್ಟಿದೀನಿ."
"ಅದನ್ನೂ ತಗೊಂಡು ಬಾ."
"ಅದಕ್ಕೆಷ್ಟು?" ಬಾಗಿಲಲ್ಲಿ ನಿಂತು ಕೇಳಿದಳು.

ನಾನು ಕಾಳುಗಳನ್ನು ಡಬ್ಬಿಗೆ ಎಣಿಸಿ ಹಾಕುತ್ತಿದ್ದೆ.
ಮೂವತ್ತೆರಡಿದ್ದವು.