ಹನ್ನೊಂದು ಸಾವಿರದ ನಾನೂರ ಏಳನೆಯ ಸುತ್ತು

ಯಾಕುತ್ಸ್ಕಿನಲ್ಲಿ ಇವತ್ತು ಮೈನಸ್ ಐವತ್ತೆರಡು.
ಸಂತೆಯ ಬುಟ್ಟಿಗಳಲ್ಲಿ ಮೀನುಗಳು
ಸೌದೆಯ ಹಾಗೆ ನಿಂತೇ ಇವೆ.
ಒಳಗೆ, ನನ್ನ ಉಕ್ಕಿನ ಹಂಡೆಯಲ್ಲಿ,
ಅದಕ್ಕೂ ನೂರ ನಲವತ್ತನಾಲ್ಕು ಕೆಳಗೆ
ಸಾರಜನಕ ಕುದಿಯುತ್ತಿದೆ,
ಕುದಿಯುವುದೆಲ್ಲ ಬಿಸಿಯಲ್ಲ.

ತಳದಲ್ಲಿ ಒಂದು ತಟ್ಟೆ ತಿರುಗುತ್ತದೆ.
ಅದರ ಮೇಲೆ ಕಡಲೆಕಾಳಿನಷ್ಟು ಗುಂಡು
ಅರ್ಧ ಕಿಲೋ ಭಾರ ಹೊತ್ತು ಕೂತಿದೆ.
ಇಬ್ಬರ ನಡುವೆ ಲೇಪ,
ಕೂದಲನ್ನು ಮೂವತ್ತು ಸೀಳು ಸೀಳಿದರೆ ಒಂದು ಸೀಳಿನಷ್ಟು,
ಕಾಡಿಗೆಯ ತಂಗಿಯಂತೆ ಬೂದುಗಪ್ಪು.

ಬೆಚ್ಚಗಿದ್ದಾಗ ಅದಕ್ಕೆ ಬಲು ನಯ.
ಪದರ ಪದರ ಸರಿದು, ಜಾಗ ಬಿಟ್ಟು,
ಹೋಗಿಬನ್ನಿ ಎನ್ನುವ ಜಾತಿ.
ಚಳಿ ಇಳಿದಂತೆ ಮಾತು ಕಡಿಮೆ,
ಆಮೇಲೆ ಬಿಗಿತ, ಆಮೇಲೆ ಸೆಟೆತ.
ತೇಯ್ದರೆ ಗಂಧ ಬಿಡುವ ಕೊರಡಲ್ಲ ಇದು;
ಬಗ್ಗಲಾರದ್ದು ಒಂದು ದಿನ ಚಕ್ಕೆ ಏಳುತ್ತದೆ
ಎಂದು ವರದಿಯಲ್ಲಿ ಬರೆದಿದ್ದೆ.
ಅಗ್ರಫೇನಾ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದಳು:
‘ಅಂಕಿ ಕೊಡು.’

ಸರಿ, ಅಂಕಿ.
ಒಂಬತ್ತು ಸಾವಿರದವರೆಗೆ ಗೆರೆ ನೇರ.
ಆಮೇಲೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಹನ್ನೊಂದು ಸಾವಿರದ ನಾನೂರ ಏಳಕ್ಕೆ
ಗೆರೆ ಕಾಗದದ ಅಂಚಿಗೆ ಹಾರಿತು.
ನನಗೆ ಅದಕ್ಕೂ ಮೊದಲೇ ಕೇಳಿಸಿತ್ತು,
ಹಲ್ಲು ಕಡಿದಂಥ ಸಣ್ಣ ಸದ್ದು.
ಅಂಕಿಗಳಲ್ಲಿ ಅದಕ್ಕೆ ಕಾಲಂ ಇಲ್ಲ.

ಸದ್ದು ಕೇಳುವುದು ಉಯ್ಬಾನ್ ಮಾವನಿಂದ ಬಂದದ್ದು.
ಹೆಪ್ಪುಗಟ್ಟಿದ ಲೇನಾ ನದಿಯ ಮೇಲೆ
ಲಾರಿ ಓಡಿಸುತ್ತಿದ್ದವನು,
ಅಚ್ಚಿಗೆ ಕೋಲು ಹಚ್ಚಿ, ಕೋಲಿಗೆ ಕಿವಿ ಹಚ್ಚಿ
‘ಇನ್ನೂ ನಲವತ್ತು ಮೈಲಿ ತಡೆದೀತು’ ಎನ್ನುತ್ತಿದ್ದ.
ಒಂದು ಸಲ ಕೈಚೀಲ ತೆಗೆದು ನಟ್ಟು ಬಿಗಿದ.
ಎರಡು ಬೆರಳಿನ ಚರ್ಮ ಅಲ್ಲೇ ಉಳಿಯಿತು.
ಊಟಕ್ಕೆ ಕೂತಾಗ ತೋರಿಸಿ ನಗುತ್ತಿದ್ದ:
‘ಲೇಪ ನನ್ನದು ಹೋಯ್ತು.
ನಟ್ಟು ಮಾತ್ರ ಇವತ್ತಿಗೂ ಸಡಿಲಾಗಿಲ್ಲ.’

ತಟ್ಟೆಯನ್ನು ಮೇಲೆತ್ತಿದೆ.
ಕೋಣೆಯ ಗಾಳಿ ಸೋಕಿದ್ದೇ ತಡ
ಹಿಮದ ತುಪ್ಪಳ ಬೆಳೆಯಿತು ಅದಕ್ಕೆ.
ಒಳಗೆ ಎಲ್ಲೋ ಉಂಗುರದಂಥ ಗಾಯ,
ಗಾಯದ ದಡದಲ್ಲಿ ಉದುರಿದ ಪುಡಿ.
ನೋಡುವ ಆತುರ; ಆದರೆ ಒರೆಸಬಾರದು.
ಒರೆಸಿದರೆ ಅದೂ ಒಂದು ಉಜ್ಜು,
ಯಾವುದು ಯಂತ್ರದ್ದು, ಯಾವುದು ನನ್ನದು
ಆಮೇಲೆ ಹೇಳಲಾಗದು.

ತಾನಾಗಿ ಆರಲಿ ಎಂದು ಕೂತಿದ್ದೇನೆ.
ಅಗ್ರಫೇನಾ ಬಂದಳು, ಗೆರೆ ನೋಡಿದಳು,
ಪೆನ್ಸಿಲು ಜೇಬಿನಲ್ಲೇ ಇತ್ತು.
ಎಳೆದರೆ ಕಿರ್ರೆನ್ನುವ ಆ ಕುರ್ಚಿಯನ್ನು
ಎಳೆಯದೆ, ಎತ್ತಿ ತಂದು
ಪಕ್ಕದಲ್ಲಿ ಇಟ್ಟುಕೊಂಡಳು.