ಹತ್ತೊಂಬತ್ತು ಗೂಟ

ಹಿಲ್ಯಾ ಹೇಕುರಾಳ ಅಡುಗೆಮನೆಯ ಕಿಟಕಿಗೆ
ಕಾಣುವುದು ಬೇಲಿ ಮಾತ್ರ. ಅದೂ
ಹೊಲ ಹಿಮದಡಿ ಹೋದ ಮೇಲೆ.
ತಂತಿಯಿಲ್ಲ, ಕಲ್ಲಿಲ್ಲ,
ಬಿಳಿ ಹಾಳೆಯಲ್ಲಿ ಮಗು ಗೀಚಿದ ಹಾಗೆ
ಕಪ್ಪು ಗೂಟ: ಒಂದು, ಒಂದು, ಒಂದು.

"ಓದು" ಅಂದಳು ನನಗೆ.
ಹಾಲಿನ ಕ್ಯಾನು ಲಾರಿಗೇರಿಸಿ ಬಂದು
ಒಲೆಯ ಮುಂದೆ ಕೈ ಉಜ್ಜುತ್ತಿದ್ದೆ.
ಗೂಟ, ಅಂದೆ.
"ಸಂಖ್ಯೆ ಕಣಯ್ಯಾ. ಹತ್ತೊಂಬತ್ತು ಅಂಕಿ.
ಎಡದಿಂದ ಓದು, ಬಲದಿಂದ ಓದು, ಅದೇ.
ಯಾವುದನ್ನು ಎಲ್ಲಿಟ್ಟರೂ ಅದೇ.
ಯಾವ ಕೊಡಲಿಗೂ ಸೀಳುವುದಿಲ್ಲ.
ತಾನು, ಮತ್ತು ಒಂದು:
ಆ ಮನೆಯಲ್ಲಿ ಇಬ್ಬರೇ."

ನಲವತ್ತು ವರ್ಷ ಕೈನು ಸೀಮೆಯ ಮಕ್ಕಳ ಬಾಯಲ್ಲಿ
ಮಗ್ಗಿ ಹೇಳಿಸಿದ ಹೆಂಗಸು.

ಆ ಶನಿವಾರ ಸೌನಾಕ್ಕೆ ಕಟ್ಟಿಗೆ ಸಾಲದೆ
ಗಂಡ ಯಾಲ್ಮರಿ ತುದಿಯ ಗೂಟ ಕಿತ್ತ.
ಹಸು ಕೊಟ್ಟಿಗೆಯಲ್ಲಿವೆ, ಬೇಲಿ ಯಾರಿಗೆ?
ಹದಿನೆಂಟು ಸಾಲದೇ?

ಸಾಲದು. ಮೂರು ಬಂತು, ತಿರುಗಿ ಮೂರೇ ಬಂತು,
ಏಳು, ಹನ್ನೊಂದು, ಹದಿಮೂರು, ಮೂವತ್ತೇಳು,
ಬಾಗಿಲಲ್ಲಿ ಇನ್ನೆರಡು ದಪ್ಪ ಕೋಟಿನವು;
ಪಾಲು ಕೇಳಲು ಸಂತೆಯೇ ನೆರೆಯಿತು.
"ಅಯ್ಯೋ, ಹತ್ತೊಂಬತ್ತೂ ಬಂದು ಕೂತಿದೆಯಲ್ಲ!"
ಅವನು ಒಬ್ಬನೇ ಬೆವರಿದ ಆ ರಾತ್ರಿ.

ಮುಂದಿನ ಶನಿವಾರ ಯಾಲ್ಮರಿ ಬುದ್ಧಿ ಓಡಿಸಿ
ಇನ್ನೊಂದು ಕಿತ್ತ. "ಹದಿನೇಳನ್ನು
ಯಾರೂ ಭಾಗಿಸಲಾರರು, ನೀನೇ ಹೇಳಿದ್ದೆ."

ಅವಳು ಚಮಚ ಕೆಳಗಿಟ್ಟಳು.
ಎಣಿಕೆ ಒಡೆದರೆ ಸಾಲು ಒಡೆಯುತ್ತದೆ, ಸರಿ.
ಎಣಿಕೆ ಒಡೆಯದಿದ್ದರೆ?
ಅದಕ್ಕೆ ಯಾರು ಜಾಮೀನು?
"ಹತ್ತೊಂಬತ್ತನ್ನು ಪುಸ್ತಕದ ಮಾತಿಗೆ ನಂಬಿದ್ದೆ.
ಇದನ್ನು ಕೈಯಲ್ಲೇ ನೋಡುತ್ತೇನೆ."

ನಾನು ತರುತ್ತಿದ್ದ ಡೇರಿ ಚೀಟಿಗಳ ಬೆನ್ನ ಮೇಲೆ
ಮೂವತ್ತನಾಲ್ಕರ ಹೆಜ್ಜೆ, ಮೇಲೊಂದು;
ಮೂವತ್ತನಾಲ್ಕರ ಹೆಜ್ಜೆ, ಮೇಲೊಂದು.
ಬೇರೆಡೆ ಅಡಗಲು ಅದಕ್ಕೆ ಜಾಗವಿಲ್ಲವಂತೆ.
ದಿನಕ್ಕೆ ಹದಿನಾರು ಭಾಗಾಕಾರ.
ಬೇಸಿಗೆಯಲ್ಲಿ ರಜೆ, ಹುಲ್ಲು ಕೊಯ್ಲು.
ಮೂರು ಚಳಿಗಾಲ ಪೆನ್ಸಿಲು ಸವೆಯಿತು;
ನಾನು ಚೀಟಿ ತುಸು ಅಗಲವಾಗಿ ಹರಿದುಕೊಟ್ಟೆ,
ಇಷ್ಟೇ ನನ್ನ ಗಣಿತ.

ಮಾರ್ಚಿನ ಒಂದು ಬೆಳಿಗ್ಗೆ ಕ್ಯಾನುಗಳ ಪಕ್ಕದಲ್ಲಿ
ಟೋಪಿಯಿಲ್ಲದೆ ನಿಂತಿದ್ದಳು.
ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ
ಏಳುನೂರ ಇಪ್ಪತ್ತಮೂರು.
ಶೇಷ ಸೊನ್ನೆ.
ಅದರ ಜೋಡಿ ಐನೂರ ಮೂವತ್ತಾರು ಕೋಟಿ, ಚಿಲ್ಲರೆ.
ಇಬ್ಬರೇ, ಮೂರನೆಯವರಿಲ್ಲ.
ಗೆದ್ದೆ ಎನ್ನಲಿಲ್ಲ, ಸೋತೆ ಎನ್ನಲಿಲ್ಲ.
"ಇಷ್ಟು ಕಾಲ ಎಷ್ಟು ಗಟ್ಟಿಯಾಗಿ ನಿಂತಿತ್ತು ನೋಡು"
ಅಂದಳು, ಯಾರದೋ ಸಂಸಾರದ ಸುದ್ದಿಯಂತೆ.

ಯಾಲ್ಮರಿ ಏನೂ ಕೇಳಲಿಲ್ಲ.
ಹಿಮ ಕರಗಿದ ಮೇಲೆ ತುದಿಯಲ್ಲಿ
ಎರಡು ಹೊಸ ಗೂಟ ಹುಗಿದ.
ಕೈಗೆ ಸಿಕ್ಕಿದ್ದು ಬರ್ಚ್ ಮರ, ತೊಗಟೆ ಸುಲಿಯದೆಯೇ.

ಮುಂದಿನ ಚಳಿಗೆ ಹಿಮ ಬಿದ್ದಾಗ
ಬಿಳಿಯಲ್ಲಿ ಬಿಳಿ ಸೇರಿ ಆ ಎರಡೂ ಕಾಣಲಿಲ್ಲ.
"ಕಾಣುವುದು ಹದಿನೇಳು" ಅಂದಳು ಕಾಫಿ ಬಗ್ಗಿಸುತ್ತ,
"ಇರುವುದು ಹತ್ತೊಂಬತ್ತು."

ಹೊರಡುವಾಗ ಲಾರಿಯ ಕನ್ನಡಿಯಲ್ಲಿ ನಾನೂ ಎಣಿಸಿದೆ.
ಹದಿನಾರು ಬಂತು.
ತಿರುಗಿ ಎಣಿಸೋಣವೆಂದರೆ
ರಸ್ತೆ ಬಾಗಿತು.