ನಿವ್ವಳ

ಅಮ್ಘರಾದ ಗುಜರಿ ಬಯಲಿನಲ್ಲಿ
ನನ್ನದು ತೂಕದ ಕೆಲಸ.
ಹದಿನೆಂಟು ಮೀಟರಿನ ಕಬ್ಬಿಣದ ಹಾಸು,
ಪಕ್ಕದಲ್ಲಿ ನನ್ನ ಗೂಡು, ಕೆಂಪಂಕಿಯ ಪರದೆ.
ತುಂಬಿದ ಲಾರಿ ಹತ್ತುತ್ತದೆ, ಬರೆಯುತ್ತೇನೆ.
ಖಾಲಿಯಾಗಿ ಮರಳುತ್ತದೆ, ಬರೆಯುತ್ತೇನೆ.
ಅದರಿಂದ ಇದನ್ನು ಕಳೆದರೆ ನಿವ್ವಳ.
ಮೂರು ಪ್ರತಿ: ಬಿಳಿಯದು ಅರ್ಬಾಬನಿಗೆ, ಗುಲಾಬಿ ಡ್ರೈವರನಿಗೆ,
ಹಳದಿ ನನ್ನ ಗೋಡೆಯ ಮೊಳೆಗೆ.

ಈ ಡಿಸೆಂಬರಿನಲ್ಲಿ ಗಡಿಯಾಚೆಯ ಯುದ್ಧ
ಸಾಲುಗಟ್ಟಿ ದಕ್ಷಿಣಕ್ಕಿಳಿಯುತ್ತಿದೆ.
ಹುಡುಗರು ವಿಮಾನ ಹತ್ತಿ ಮನೆಗೆ,
ಉಳಿದದ್ದು ನನ್ನ ತೂಕಕ್ಕೆ:
ಮಡಚಿದ ಮಂಚಗಳು,
ಸಾವಿರ ಮಂದಿಗೆ ಮೊಟ್ಟೆ ಹುರಿದ ಕಾವಲಿ,
ಎಷ್ಟು ಓಡಿದರೂ ಎಲ್ಲಿಗೂ ಮುಟ್ಟಿಸದ ಓಟದ ಯಂತ್ರ.
ಒಂದು ಲಾಕರಿನ ಬಾಗಿಲೊಳಗೆ
ಗೀರಿ ಗೀರಿ ಎಣಿಸಿದ ದಿನಗಳು
ಇನ್ನೂರ ಹನ್ನೊಂದಕ್ಕೆ ನಿಂತಿವೆ.
ಹೊರಟೇಹೋದನೋ, ಎಣಿಸಿ ಬೇಸತ್ತನೋ,
ತಗಡು ಹೇಳುವುದಿಲ್ಲ.
ತಗಡಿಗೆ ಟನ್ನಿಗೆ ಎಪ್ಪತ್ತು ದಿನಾರು.

ರೇಡಿಯೋದಲ್ಲಿ ಗೆದ್ದರೋ ಸೋತರೋ ಎಂದು
ಟೈ ಕಟ್ಟಿದ ದನಿಗಳ ಚರ್ಚೆ.
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ,
ಒಂದನ್ನು ಕೂರಿಸಿದರೆ ಇನ್ನೊಂದು ಹಾರುತ್ತದೆ.
ನಾನು ಕೇಳುವುದು ಇಷ್ಟೇ:
ಒಂಬತ್ತು ವರ್ಷದ ಕೆಳಗೆ, ಇವರು ಹತ್ತುವ ಮೊದಲು,
ಆ ದೇಶದ ತೂಕ ಎಷ್ಟಿತ್ತು?
ಆ ಚೀಟಿ ಯಾರ ಮೊಳೆಯಲ್ಲಿದೆ?

ಹಳದಿ ಚೀಟಿಗಳ ಅಡಿಯಲ್ಲಿ ನನ್ನದೂ ಇದೆ, ಮುಚ್ಚಿಡಲಾರೆ.
ಈ ಯುದ್ಧ ಬರದಿದ್ದರೆ ಈ ಗೂಡಿಲ್ಲ.
ಇದರ ಸಂಬಳದಲ್ಲೇ ಗಂಗೊಳ್ಳಿಯ ಏಜೆಂಟನ ಬಾಕಿ ತೀರಿತು,
ತಂಗಿ ಮೈಮೂನಾ ಓದಿ ನರ್ಸಾದಳು,
ಬೇರೆಯವರ ಗಾಯ ತೊಳೆಯುತ್ತಾಳೆ.
ತೊಂಬತ್ತರಲ್ಲಿ ಒಂದು ಥರ್ಮಾಸು ಮಾತ್ರ ಹಿಡಿದು
ಇಲ್ಲಿಂದ ಓಡಿದ ಮಾವ
ಅದೇ ಥರ್ಮಾಸಿನ ಜೊತೆ ಮರಳಿ ಬಂದು
ಫರ್ವಾನಿಯಾದಲ್ಲಿ ಚಹಾದಂಗಡಿ ಇಟ್ಟಿದ್ದಾನೆ.
ಇದನ್ನೆಲ್ಲ ಯಾವ ತಟ್ಟೆಗೆ ಹಾಕಲಿ?

ಕಾಝಿಮ್ ಬಸ್ರಾದವನು, ಹತ್ತು ಚಕ್ರದ ಲಾರಿ.
ಸರದಿ ಕಾಯುತ್ತ ತಾನೇ ಬಂದು ಹಾಸಿನ ಮೇಲೆ ನಿಂತ.
ಪರದೆ ಐವತ್ತು ಅಂದಿತು.
"ಸುಳ್ಳು! ನಾನು ಎಪ್ಪತ್ತಮೂರು," ನಕ್ಕ.
ಇದು ಐವತ್ತೈವತ್ತಾಗಿ ಎಣಿಸುತ್ತದೆ, ಸದೀಕ್,
ಸಣ್ಣ ತೂಕ ಇದರ ಕಣ್ಣಿಗೆ ಬೀಳುವುದಿಲ್ಲ, ಎಂದೆ.
"ಹದಿನಾಲ್ಕು?"
ಬೀಳುವುದಿಲ್ಲ.
ಕೆಳಗಿಳಿದ. ಟೈರಿಗೆ ಒದ್ದು ಗಾಳಿ ನೋಡಿದ.
"ನನ್ನ ಕೊನೆಯವಳು ಹದಿನಾಲ್ಕಿದ್ದಳು," ಎಂದ
ಟೈರಿಗೆ.

ಗುಲಾಬಿ ಚೀಟಿ ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡ.

ಸಂಜೆ ಮೊಫಿಜುಲ್ ಹಾಸು ಗುಡಿಸಿದ.
ಲಾರಿಯಿಲ್ಲ, ಮನುಷ್ಯರಿಲ್ಲ,
ಪರದೆಯಲ್ಲಿ ಐವತ್ತು.
ಮತ್ತೆ ಗುಡಿಸು, ಎಂದೆ. ಗುಡಿಸಿದ.
ಐವತ್ತು.
ಅಡಿಯಲ್ಲೆಲ್ಲೋ ಮರಳು ಸಿಕ್ಕಿರಬೇಕು.
ಹೊರಗೆ ಹಾರ್ನಿನ ಮೇಲೆ ಹಾರ್ನು,
ಸಾಲು ಜಾಹ್ರಾ ರಸ್ತೆಯವರೆಗೆ.
ಗುಂಡಿ ಒತ್ತಿ
ಸೊನ್ನೆ ಮಾಡಿದೆ.